ಇಪ್ಪತ್ತು ವರ್ಷ ಶೆಡ್ಡಿನಲ್ಲಿ ನಿಂತ ಎಂಜಿಬಿ ಸ್ಪೋರ್ಟ್ಸ್ ಕಾರನ್ನು ಮತ್ತೆ ಸ್ಟಾರ್ಟ್ ಮಾಡುವುದು ಹೇಗೆ?

ದಯವಿಟ್ಟು ಹೊಸ ಬ್ಯಾಟರಿ ಹಾಕಿ ನೇರವಾಗಿ ಕೀ ತಿರುಗಿಸಬೇಡಿ. ಸಿಲಿಂಡರ್ ಗೋಡೆಗೆ ತುಕ್ಕಿನಿಂದ ಅಂಟಿದ ಪಿಸ್ಟನ್ ರಿಂಗ್ ಆ ಒಂದೇ ಎಳೆತಕ್ಕೆ ಮುರಿಯಬಹುದು.

ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೆ 10–15 ಮಿ.ಲೀ. ತೆಳು ಎಣ್ಣೆ ಬಿಟ್ಟು ಎರಡು ದಿನ ಕಾಯಿರಿ. ಆಮೇಲೆ ಎಂಜಿನ್ನಿನ ಮುಂಭಾಗದ ಕ್ರ್ಯಾಂಕ್ ಪುಲ್ಲಿ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದಲೇ ನಿಧಾನವಾಗಿ ತಿರುಗಿಸಿ. ಸಲೀಸಾಗಿ ಎರಡು ಸುತ್ತು ಬಂದರೆ ಹಳೆ ಆಯಿಲ್, ಫಿಲ್ಟರ್ ಬದಲಿಸಿ 20ಡಬ್ಲ್ಯೂ-50 ದರ್ಜೆಯ ಎಂಜಿನ್ ಆಯಿಲ್ ತುಂಬಿಸಿ. ಪ್ಲಗ್ ಇಲ್ಲದೆಯೇ ಸ್ಟಾರ್ಟರ್ ತಿರುಗಿಸಿ, ಆಯಿಲ್ ಒತ್ತಡದ ಗೇಜಿನ ಮುಳ್ಳು ಮೇಲೇಳುವುದನ್ನು ನೋಡಿದ ನಂತರವೇ ಪ್ಲಗ್ ಹಾಕಿ. 1967ಕ್ಕಿಂತ ಮುಂಚಿನ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನೇ ಕಾರಿನ ಲೋಹದ ಮೈಗೆ ಜೋಡಿಸಿರುತ್ತಾರೆ (ಅರ್ಥ್). ಬ್ಯಾಟರಿ ಜೋಡಿಸುವ ಮುಂಚೆ ಅದನ್ನು ಖಾತ್ರಿ ಮಾಡಿಕೊಳ್ಳಿ.

ಹಳೆ ಪೆಟ್ರೋಲ್ ವಾರ್ನಿಶ್‌ನಂತೆ ನಾರುತ್ತದೆ. ಟ್ಯಾಂಕ್ ಖಾಲಿ ಮಾಡಿ ತೊಳೆಯಿರಿ, ಎಸ್‌ಯು ಕಂಪನಿಯ ಕಾರ್ಬ್ಯುರೇಟರಿನ ಫ್ಲೋಟ್ ಬೌಲ್ ಬಿಚ್ಚಿ ಅಂಟಿಕೊಂಡ ನೀಡಲ್ ವಾಲ್ವ್ ಶುಚಿ ಮಾಡಿ. ಭಾರತದ ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲಿಗೆ ಹಳೆ ರಬ್ಬರ್ ಪೈಪ್ ತಡೆಯದು, ಎಥನಾಲ್ ತಾಳುವ ಪೈಪ್ ಹಾಕಿ.

ಎಂಜಿನ್ ಓಡಿತೆಂದು ರಸ್ತೆಗೆ ಇಳಿಸಬೇಡಿ. ಬ್ರೇಕಿನ ಮೂರು ರಬ್ಬರ್ ಹೋಸ್‌ಗಳು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ದಾರಿ ಮುಚ್ಚಿರುತ್ತವೆ: ಬ್ರೇಕ್ ಹಿಡಿಯುತ್ತದೆ, ಬಿಡುವುದಿಲ್ಲ, ಡಿಸ್ಕ್ ಕಾಯುತ್ತದೆ. ಮೂರನ್ನೂ ಬದಲಿಸಿ. ಟೈರ್ ಗೆರೆ ಆಳವಿದ್ದರೂ ಹೊಸದೇ ಬೇಕು.