ಮರುವಾಯಿ ಉಳಿಯಬೇಕಾದರೆ ನಿಯಮ ಯಾರು ಮಾಡಬೇಕು?

ಪ್ರಶ್ನೆ: ನಮ್ಮದು ಸ್ವರ್ಣಾ, ಸೀತಾ ಹೊಳೆಗಳು ಸಮುದ್ರ ಸೇರುವ ಅಳಿವೆ ಬದಿಯ ಊರು. ಹಿಂದೆ ಇಳಿತದ ಹೊತ್ತಿಗೆ ಹೆಂಗಸರು ಹೊಳೆಗಿಳಿದರೆ ಬುಟ್ಟಿ ತುಂಬ ಮರುವಾಯಿ (ಹೊಳೆಯ ಕೆಸರಿನಲ್ಲಿ ಬದುಕುವ, ತಿನ್ನುವ ಚಿಪ್ಪುಜೀವಿ) ಸಿಗುತ್ತಿತ್ತು. ಈಗ ಸಿಗುವುದೇ ಕಡಿಮೆ, ಸಿಕ್ಕಿದ್ದೂ ಸಣ್ಣದು. ಎರಡು ವರ್ಷ ಇಡೀ ಹೊಳೆಯಲ್ಲಿ ಹೆಕ್ಕುವುದನ್ನು ನಿಲ್ಲಿಸೋಣ ಎಂದು ಊರಿನ ಯುವಕರು ಹೇಳುತ್ತಾರೆ. ಹೆಕ್ಕಿ ಬದುಕುವವರು ಒಪ್ಪುತ್ತಿಲ್ಲ. ಏನು ಮಾಡಬಹುದು?
(ಓದುಗರು, ಕೋಡಿಬೆಂಗ್ರೆ ಕಡೆಯಿಂದ)

ಉತ್ತರ: ಇಡೀ ಹೊಳೆಯನ್ನು ಎರಡು ವರ್ಷ ಮುಚ್ಚುವ ಯೋಚನೆ ಬಿಡಿ. ಹೆಕ್ಕುವವರ ವಿರೋಧದಲ್ಲಿ ನ್ಯಾಯವಿದೆ. ಅವರಿಗೆ ಆ ದಿನದ ಮರುವಾಯಿಯೇ ಆ ದಿನದ ಸಂಬಳ. ಅದಿಲ್ಲದೆ ಎರಡು ವರ್ಷ ಒಲೆ ಉರಿಯುವುದು ಹೇಗೆ ಎಂಬುದಕ್ಕೆ ನಿಷೇಧ ಕೇಳುವವರಲ್ಲಿ ಉತ್ತರವಿಲ್ಲದಿದ್ದರೆ, ಆ ನಿಷೇಧ ಮೊದಲ ವಾರದ ರಾತ್ರಿ ಇಳಿತದಲ್ಲೇ ಮುರಿದು ಬೀಳುತ್ತದೆ. ನೀವು ಮುಚ್ಚಬೇಕಾದದ್ದು ಹೊಳೆಯ ಒಂದು ತುಂಡನ್ನು ಮಾತ್ರ. ಯಾವ ತುಂಡು, ಎಷ್ಟು ಕಾಲ ಎಂಬುದು ಹೆಕ್ಕುವವರ ಬಾಯಿಂದಲೇ ಬರಬೇಕು.

ನಿಮ್ಮದೇ ಸಂಕಟ ಪೆಸಿಫಿಕ್ ಸಾಗರದ ಫಿಜಿ ದ್ವೀಪದ ಉದುನಿವನುವ ಎಂಬ ಹಳ್ಳಿಗೂ ಬಂದಿತ್ತು. ಅಲ್ಲಿಯದು ಕೈಕೊಸೊ ಎಂಬ ಬೇರೆ ಜಾತಿಯ ಚಿಪ್ಪು. ಆದರೆ ಕೆಸರು ಬಯಲಿನಲ್ಲಿ ಹೆಕ್ಕುವ ಕ್ರಮ, ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಾ ಬಂದ ಫಸಲು, ಎಲ್ಲವೂ ನಮ್ಮಂತೆಯೇ. 1997ರಲ್ಲಿ ಊರವರು ಸೇರಿ ಹಳ್ಳಿಯ ಎದುರಿಗೇ ಇದ್ದ 24 ಹೆಕ್ಟೇರ್ ಬಯಲನ್ನು ಮೂರು ವರ್ಷಕ್ಕೆ ಮುಚ್ಚಿದರು. ಉಳಿದ ಕಡೆ ಹೆಕ್ಕುವುದು ಎಂದಿನಂತೆ ನಡೆಯಿತು. ಮುಚ್ಚಿದ ಜಾಗ ಮನೆಗಳ ಕಣ್ಣೆದುರಿಗೇ ಇದ್ದದ್ದು ದೊಡ್ಡ ಅನುಕೂಲ, ಕಾವಲಿಗೆ ಬೇರೆ ಸಂಬಳದ ಆಳು ಬೇಕಾಗಲಿಲ್ಲ. ನೋಡಿಕೊಳ್ಳಲು ಗಂಡಸರೂ ಹೆಂಗಸರೂ ಇದ್ದ 20 ಜನರ ತಂಡ ಮಾಡಿದರು. ಎಣಿಸುವುದು ಹೇಗೆಂದು ವಿಶ್ವವಿದ್ಯಾನಿಲಯದವರು ಕಲಿಸಿಕೊಟ್ಟರು, ಎಣಿಸಿದ್ದು ಊರವರು. ಮುಚ್ಚಿದ ಜಾಗದಲ್ಲಿ ಚಿಪ್ಪು ಹೆಚ್ಚಿತು. ಅದಕ್ಕಿಂತ ಮುಖ್ಯವಾಗಿ ಪಕ್ಕದ ತೆರೆದ ಜಾಗದಲ್ಲೂ ಹೆಚ್ಚಿತು. 5 ಸೆಂಟಿಮೀಟರಿಗಿಂತ ದೊಡ್ಡದು ಸಿಗುವುದೇ ಕಷ್ಟವಾಗಿದ್ದಲ್ಲಿ 8 ಸೆಂಟಿಮೀಟರ್ ದಾಟಿದವು ಸಿಗತೊಡಗಿದವು.

ಪಕ್ಕದ ಜಾಗದಲ್ಲಿ ಹೆಚ್ಚಿದ್ದಕ್ಕೆ ಕಾರಣ ಇಷ್ಟೆ. ಮರುವಾಯಿ ಮೊಟ್ಟೆಯನ್ನು ನೀರಿಗೇ ಬಿಡುತ್ತದೆ. ಕಣ್ಣಿಗೆ ಕಾಣದ ಮರಿಗಳು ಕೆಲವು ದಿನ ನೀರಿನಲ್ಲಿ ತೇಲಿ, ಉಬ್ಬರ ಇಳಿತ ಒಯ್ದಲ್ಲಿಗೆ ಹೋಗಿ, ಮರಳು ಮಿಶ್ರಿತ ಕೆಸರು ಸಿಕ್ಕಲ್ಲಿ ಕೂರುತ್ತವೆ. ದೊಡ್ಡ ಚಿಪ್ಪುಗಳು ಒಂದೆಡೆ ಒತ್ತಾಗಿ ಉಳಿದರೆ ಆ ಒಂದೆಡೆಯೇ ಸುತ್ತಲಿಗೆಲ್ಲ ಬೀಜ ಕೊಡುತ್ತದೆ.

ಜಾಗ ಆರಿಸುವಾಗ ಫಿಜಿಯಲ್ಲಿಲ್ಲದ ಒಂದು ಸಂಗತಿಯನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದು ನಮ್ಮ ಮಳೆಗಾಲ. ಜೂನ್, ಜುಲೈ ತಿಂಗಳ ನೆರೆಗೆ ಕರಾವಳಿಯ ಅಳಿವೆಗಳಲ್ಲಿ ಉಪ್ಪು ಬಹುಪಾಲು ತೊಳೆದುಹೋಗುತ್ತದೆ, ಸಿಹಿನೀರು ತಾಳದೆ ಮರುವಾಯಿ ರಾಶಿ ರಾಶಿ ಸಾಯುತ್ತದೆ. ಹಾಗಾಗಿ ಈಗ ಎಲ್ಲಿ ಹೆಚ್ಚು ಸಿಗುತ್ತದೆ ಎಂದು ನೋಡಿ ಜಾಗ ಗುರುತಿಸಬೇಡಿ. ಮಳೆ ಕಳೆದು ಸೆಪ್ಟೆಂಬರಿನಲ್ಲಿ ಎಲ್ಲಿ ಇನ್ನೂ ದೊಡ್ಡ, ಜೀವಂತ ಮರುವಾಯಿ ಉಳಿದಿರುತ್ತದೆ ಎಂದು ಕೇಳಿ. ಸಾಮಾನ್ಯವಾಗಿ ಅದು ಅಳಿವೆಬಾಗಿಲಿಗೆ ಹತ್ತಿರದ, ತುಸು ಆಳದ, ಉಪ್ಪು ಬೇಗ ಮರಳುವ ಜಾಗ. ಅಂಥದ್ದನ್ನು ಬಲ್ಲವರು ನಿಮ್ಮೂರಲ್ಲಿ ಇದ್ದೇ ಇದ್ದಾರೆ. ದಶಕಗಳಿಂದ ಹೊಳೆಗಿಳಿದ ಅಜ್ಜಿಯಂದಿರನ್ನು ಸಭೆಗೆ ಕರೆಯಿರಿ, ಮುಂದಿನ ಸಾಲಿನಲ್ಲಿ ಕೂರಿಸಿ. ನಮ್ಮ ಕಡೆಯ ಸಭೆಗಳಲ್ಲಿ ದೋಣಿ ಇದ್ದವರೇ ಮಾತಾಡುವುದು, ಬುಟ್ಟಿ ಹಿಡಿದವರು ಬಾಗಿಲ ಬಳಿ ನಿಲ್ಲುವುದು. ಇದು ಬದಲಾಗದೆ ಯಾವ ನಿಯಮವೂ ನಿಲ್ಲುವುದಿಲ್ಲ ಎಂದು ನಾನು ಖಂಡಿತವಾಗಿ ನಂಬುತ್ತೇನೆ.

ಎಣಿಕೆಗೆ ದೊಡ್ಡ ಸಲಕರಣೆ ಬೇಡ. ಪಿವಿಸಿ ಪೈಪಿನಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕಟ್ಟು, ಹತ್ತು ಮೀಟರಿಗೊಂದು ಗಂಟು ಹಾಕಿದ ಹಗ್ಗ, ಒಂದು ಸ್ಕೇಲು, ಒಂದು ಪುಸ್ತಕ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ದೊಡ್ಡ ಇಳಿತದಲ್ಲಿ ಹಗ್ಗ ಎಳೆದು, ಗಂಟು ಬಂದಲ್ಲೆಲ್ಲ ಚೌಕಟ್ಟಿಟ್ಟು, ಒಳಗಿನ ಮರುವಾಯಿ ಎಣಿಸಿ, ಅಳೆದು, ಅಲ್ಲಿಯೇ ಹೂತುಬಿಡಿ. ಮುಚ್ಚುವ ಮೊದಲೇ ಒಮ್ಮೆ ಎಣಿಸಿರಬೇಕು. ಮುಚ್ಚದ ಜಾಗದಲ್ಲೂ ಅದೇ ದಿನ ಎಣಿಸಬೇಕು. ಇಲ್ಲವಾದರೆ ಹೆಚ್ಚಿದ್ದು ಮಳೆ ಕಡಿಮೆ ಬಂದದ್ದರಿಂದಲೋ ನಿಮ್ಮ ನಿಯಮದಿಂದಲೋ ಎಂದು ಹೇಳಲಾಗದು. ಮರುವರ್ಷ ಜಗಳ ಹುಟ್ಟುವುದೂ ಅಲ್ಲಿಂದಲೇ.

ಇನ್ನು ತೆರೆಯುವ ದಿನದ ಮಾತು. ಮಡಗಾಸ್ಕರ್ ದ್ವೀಪದ ಅಂಡವಡೋಕ ಎಂಬ ಊರವರು 2004ರಲ್ಲಿ ಅಷ್ಟಪದಿ (ಆಕ್ಟೋಪಸ್) ಹಿಡಿಯುವ ಒಂದು ಬಂಡೆ ಪ್ರದೇಶವನ್ನು ಏಳು ತಿಂಗಳು ಮುಚ್ಚಿದ್ದರು. ಬೇಗ ಬೆಳೆಯುವ ಪ್ರಾಣಿಯಾದ್ದರಿಂದ ಅಷ್ಟರಲ್ಲೇ ತೂಕದ ಫಸಲು ಬಂತು, ಅಕ್ಕಪಕ್ಕದ ಊರುಗಳೂ ಅದೇ ದಾರಿ ಹಿಡಿದವು. ಆದರೆ ತೆರೆದ ದಿನ ಎಲ್ಲ ಕಡೆಯಿಂದ ಜನ ನುಗ್ಗಿದರೆ ತಿಂಗಳುಗಟ್ಟಲೆ ಕಾದದ್ದು ಕೆಲವೇ ದಿನಗಳಲ್ಲಿ ಕರಗುತ್ತದೆ ಎಂಬ ಪಾಠವೂ ಅಲ್ಲಿಯೇ ಸಿಕ್ಕಿತು. ಅದಕ್ಕಾಗಿ ಯಾರು, ಎಷ್ಟು ಬುಟ್ಟಿ, ಎಷ್ಟು ದಿನ ಎಂಬುದನ್ನು ಮುಚ್ಚುವ ದಿನವೇ ಬರೆದಿಡಿ. ಹೊಳೆಗಿಳಿಯಲು ಒಪ್ಪಿಗೆಗಾಗಿ ಕಾಯುವುದು ನಮ್ಮ ಜನಕ್ಕೆ ಹೊಸದಲ್ಲ. ಚೇಳಾಯರು ಖಂಡಿಗೆಯಲ್ಲಿ ಮೇ ತಿಂಗಳ ಸಂಕ್ರಮಣದಂದು ದೈವಸ್ಥಾನದ ಪ್ರಸಾದ ನಂದಿನಿ ಹೊಳೆಗೆ ಬಿದ್ದ ಮೇಲೆಯೇ ಸಾವಿರಾರು ಜನ ಬಲೆ ಹಿಡಿದು ಇಳಿಯುವುದನ್ನು ನೀವೂ ನೋಡಿರುತ್ತೀರಿ.

ಹತ್ತಿರದ ಉದಾಹರಣೆ ಬೇಕಾದರೆ ಕೇರಳದ ಕೊಲ್ಲಂನ ಅಷ್ಟಮುಡಿ ಕಾಯಲು (ಹಿನ್ನೀರು) ಇದೆ. ರಫ್ತಿನ ಬೇಡಿಕೆಗೆ 1991ರಲ್ಲಿ ಹತ್ತು ಸಾವಿರ ಟನ್ ಮುಟ್ಟಿದ್ದ ಮರುವಾಯಿ ಎರಡೇ ವರ್ಷದಲ್ಲಿ ಅರ್ಧಕ್ಕೆ ಕುಸಿಯಿತು. ಆಮೇಲೆ ಡಿಸೆಂಬರಿನಿಂದ ಫೆಬ್ರವರಿವರೆಗೆ ಮೊಟ್ಟೆ ಇಡುವ ಕಾಲದಲ್ಲಿ ಹೆಕ್ಕುವಂತಿಲ್ಲ, 30 ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಬಲೆ ಬಳಸುವಂತಿಲ್ಲ ಎಂಬ ನಿಯಮ ಬಂದವು. 2014ರಲ್ಲಿ ದೇಶದಲ್ಲೇ ಮೊದಲ ಬಾರಿಗೆ ಆ ಮೀನುಗಾರಿಕೆಗೆ ಎಂಎಸ್‌ಸಿ ಎಂಬ, ಸುಸ್ಥಿರ ಮೀನುಗಾರಿಕೆಗೆ ಕೊಡುವ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು. ನಂತರದ ವರ್ಷಗಳಲ್ಲಿ ಅಲ್ಲಿ ಮತ್ತೆ ಇಳಿಕೆಯಾಗಿದೆ. ಹೊರದೇಶದ ಒಂದು ಜಾತಿಯ ನೀಲಿಕಲ್ಲು (ಇನ್ನೊಂದು ಬಗೆಯ ಚಿಪ್ಪುಜೀವಿ) ಕಾಯಲಿಗೆ ಬಂದು ಹಬ್ಬಿಕೊಂಡಿದೆ, ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಮರುವಾಯಿ ಮರಿಗಳನ್ನು ಬಿಟ್ಟು ತಳಿ ಉಳಿಸಲು ನೋಡುತ್ತಿದ್ದಾರೆ. ಅತಿಯಾಗಿ ಹೆಕ್ಕುವುದನ್ನು ನಿಯಮ ತಡೆಯಬಲ್ಲದು. ನೀರೇ ಕೆಟ್ಟರೆ, ಹೊರಗಿನ ಜೀವಿ ನುಗ್ಗಿದರೆ ನಿಯಮವೊಂದೇ ಸಾಲದು. ಸಭೆಯಲ್ಲಿ ಇದನ್ನೂ ಮುಚ್ಚಿಡದೆ ಹೇಳಿ. ಅದೇ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಮಂಗಳೂರಿನಲ್ಲಿದೆ, ಮೀನುಗಾರಿಕಾ ಕಾಲೇಜೂ ಇದೆ. ನಿಮ್ಮ ಹೊಳೆಯಲ್ಲಿ ಯಾವ ಜಾತಿ ಯಾವ ತಿಂಗಳು ಮೊಟ್ಟೆ ಇಡುತ್ತದೆ ಎಂದು ಅಲ್ಲಿ ಕೇಳಿ ತಿಳಿದುಕೊಂಡ ಮೇಲೆಯೇ ತಿಂಗಳು ನಿಶ್ಚಯಿಸಿ.

ಪ್ರಶ್ನೆ: ನಾವು ನಿಯಮ ಮಾಡಿದರೂ ಹೊರಗಿನವರು ದೋಣಿ ತಂದು ಗೋರಿಕೊಂಡು ಹೋಗುತ್ತಾರೆ. ತಡೆಯಲು ನಮಗೆ ಅಧಿಕಾರ ಇದೆಯೇ?
(ಓದುಗರು, ಮೂಲ್ಕಿ)

ಉತ್ತರ: ಹೊಳೆಯ ತಳ ಸರ್ಕಾರದ್ದು. ಹೊರಗಿನವರನ್ನು ನೀವಾಗಿಯೇ ಅಡ್ಡಗಟ್ಟಿದರೆ ಕೇಸು ನಿಮ್ಮ ಮೇಲೆಯೇ ಬೀಳಬಹುದು. ಆದರೆ ಕೈಯಲ್ಲಿ ಏನೂ ಇಲ್ಲವೆಂದಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ತನ್ನ ವ್ಯಾಪ್ತಿಯಲ್ಲಿ ವ್ಯಾಪಾರಕ್ಕಾಗಿ ಜೈವಿಕ ಸಂಪನ್ಮೂಲ ಸಂಗ್ರಹಿಸುವವರ ಮೇಲೆ ಶುಲ್ಕ ಹಾಕುವ ಅಧಿಕಾರ ಅದಕ್ಕಿದೆ. ಹಲವು ಕಡೆ ಈ ಸಮಿತಿ ಕಡತದಲ್ಲಷ್ಟೇ ಬದುಕಿದೆ ಎಂಬುದು ದುಃಖದ ಸಂಗತಿ. ನಿಮ್ಮಲ್ಲಿ ಅದರ ಸದಸ್ಯರು ಯಾರೆಂದು ಮೊದಲು ಕೇಳಿ, ಮರುವಾಯಿ ಇರುವ ಜಾಗಗಳನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಸಿ. ಗ್ರಾಮಸಭೆಯ ನಿರ್ಣಯದ ಪ್ರತಿಯನ್ನು ಮೀನುಗಾರಿಕೆ ಇಲಾಖೆಗೂ ಜಿಲ್ಲಾಧಿಕಾರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಸುಣ್ಣಕ್ಕಾಗಿ ಚಿಪ್ಪು ಬಗೆಯುವವರಾದರೆ ಅದು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ವಿಷಯ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಪ್ರದೇಶದ ಮರಳು ದಿಬ್ಬ ತೆರವಿಗೆ ಅನುಮತಿ ಇರುವುದು ಸಾಂಪ್ರದಾಯಿಕವಾಗಿ, ಕೈಯಿಂದ ತೆಗೆಯುವವರಿಗೆ ಮಾತ್ರ. ಯಂತ್ರ ಕಂಡರೆ ದಿನಾಂಕ ಕಾಣುವಂತೆ ಚಿತ್ರ ತೆಗೆದು ದೂರು ಕೊಡಿ. ಮರುವಾಯಿ ಕೂರುವುದು ಮೇಲ್ಪದರದ ಕೆಲವೇ ಇಂಚುಗಳಲ್ಲಿ, ಆ ಪದರ ಹೋದರೆ ಮರಿಗಳೂ ಅದರೊಂದಿಗೇ ಹೋದಂತೆ.

ಆದರೆ ಪಕ್ಕದ ಊರಿನವರನ್ನು ಹೊರಗಿನವರೆಂದು ಎಣಿಸಬೇಡಿ. ಶಾಂಭವಿ, ನಂದಿನಿ ಸೇರುವ ನಿಮ್ಮ ಅಳಿವೆಗೆ ಹಲವು ಊರುಗಳ ಬಳಕೆಯ ಹಕ್ಕಿದೆ. ಅವರನ್ನು ಮೊದಲ ಸಭೆಗೇ ಕರೆಯಿರಿ.

ಪ್ರಶ್ನೆ: ನಮ್ಮ ಸಂಘದಿಂದ ಹೊಳೆಯ ಕೆಸರು ಬಯಲಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಡಬೇಕೆಂದಿದ್ದೇವೆ. ಸಾವಿರ ಗಿಡ ಸಾಕೇ?
(ಓದುಗರು, ಕುಂದಾಪುರ)

ಉತ್ತರ: ಇಳಿತದಲ್ಲಿ ಮಾತ್ರ ಮೇಲೆ ಕಾಣುವ ಬೋಳು ಕೆಸರಿನಲ್ಲಿ ಒಂದೂ ನೆಡಬೇಡಿ. ದಿನದ ಹೆಚ್ಚು ಹೊತ್ತು ಮುಳುಗಿರುವ ಜಾಗದಲ್ಲಿ ಕಾಂಡ್ಲಾ ಬದುಕುವುದಿಲ್ಲ. ಫಿಲಿಪ್ಪೀನ್ಸ್‌ನಲ್ಲಿ ದಶಕಗಳ ಕಾಲ ಹೀಗೆ ನೆಟ್ಟು, ಉಳಿದದ್ದು ನೂರಕ್ಕೆ ಹತ್ತಿಪ್ಪತ್ತು. ಅಲ್ಲದೆ ಆ ಬೋಳು ಕೆಸರೇ ಮರುವಾಯಿಯ ಮನೆ, ಹಕ್ಕಿಗಳ ಮೇವಿನ ಜಾಗ. ಹೊಳೆ ದಂಡೆಯಲ್ಲಿ ಹಿಂದೆ ಕಾಂಡ್ಲಾ ಇದ್ದು ಈಗ ಇಲ್ಲದ ಕಡೆಗೆ ಹೋಗಿ ನೋಡಿ. ಪಾಳುಬಿದ್ದ ಸಿಗಡಿ ಕೆರೆಯ ದಂಡೆಯೋ ರಸ್ತೆಯ ಮಣ್ಣೋ ಉಬ್ಬರದ ನೀರನ್ನು ತಡೆದಿರುತ್ತದೆ. ಪಂಚಾಯಿತಿಯ ಒಪ್ಪಿಗೆ ಪಡೆದು ಅಲ್ಲೊಂದು ಮೋರಿ ತೆರೆಸಿ, ನೀರು ಒಳಹೊರಗೆ ಆಡಲಿ. ಹತ್ತಿರದಲ್ಲಿ ತಾಯಿಮರಗಳಿದ್ದರೆ ಬೀಜಗಳು ತಾವಾಗಿಯೇ ತೇಲಿ ಬರುತ್ತವೆ. ಎರಡು ಮಳೆಗಾಲ ಕಳೆದರೂ ಮೊಳಕೆ ಕಾಣದಿದ್ದರೆ ಆಗ ಆ ಜಾಗದಲ್ಲಿ ನೆಡಿ.