ಐನ್‌ಮನೆಯ ಹಾಡು ಉಳಿಸುವುದು ಹೇಗೆ?

ಪ್ರಶ್ನೆ: ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಾಡುವ ದ್ವೀಪಗಳಲ್ಲಿ ಊರವರೇ ಹಾಡು, ಕಥೆ ಕೂಡಿಟ್ಟಿದ್ದಾರಂತೆ. ನಮ್ಮ ಐನ್‌ಮನೆಯಲ್ಲಿ (ಕೊಡವ ಮನೆತನದ ಮೂಲ ಮನೆ) ಹಳೆಯ ಕ್ಯಾಸೆಟ್‌ಗಳಿವೆ, ಕೊಡವರ ಜನಪದ ಹಾಡು ಬಾಳೋಪಾಟ್ ಬಲ್ಲ ಹಿರಿಯರೂ ಇದ್ದಾರೆ. ಎಲ್ಲಿಂದ ಶುರು ಮಾಡುವುದು?
– ಓದುಗರು, ವಿರಾಜಪೇಟೆ

ಉತ್ತರ: ಹಿರಿಯರಿಂದ. ಕ್ಯಾಸೆಟ್ ಸ್ವಲ್ಪ ದಿನ ಕಾಯುತ್ತದೆ.

ಆ ದ್ವೀಪಗಳಲ್ಲೊಂದಾದ ಲೂಯಿಸ್‌ನ ನೆಸ್‌ನಲ್ಲಿ 1977ರಲ್ಲಿ ಊರವರು ಇತಿಹಾಸ ಸಂಘ ಕಟ್ಟಿ ಫೋಟೊ, ಮನೆತನದ ವಿವರ, ಹಿರಿಯರ ಮಾತು ಸಂಗ್ರಹಿಸಿದರು. ಗೇಲಿಕ್‌ನಲ್ಲಿ ವ್ಯಕ್ತಿಯನ್ನು ತಂದೆ, ಅಜ್ಜನ ಹೆಸರು ಸೇರಿಸಿ ಗುರುತಿಸುವ ವಾಡಿಕೆಯಿದೆ. ನೀವೂ ಹಾಡುವವರ ಹೆಸರು, ಒಕ್ಕ (ಮನೆತನ), ಊರು, ತಾರೀಖನ್ನು ಧ್ವನಿಮುದ್ರಣದ ಆರಂಭದಲ್ಲೇ ಹೇಳಿಸಿ. ಒಪ್ಪಿಗೆಯನ್ನೂ ಅಲ್ಲೇ ಕೇಳಿ.

ಮೈಕ್ ಬಾಯಿಂದ ಸುಮಾರು ಒಂದಡಿ ದೂರ, ಸ್ವಲ್ಪ ಪಕ್ಕಕ್ಕಿರಲಿ. ಹಾಡಿನ ಜೊತೆ ಬಾರಿಸುವ ಪುಟ್ಟ ವಾದ್ಯ ದುಡಿ ಹತ್ತಿರವಿದ್ದರೆ ಅದರ ಬಡಿತಕ್ಕೆ ಹಾಡಿನ ಪದ ಮುಚ್ಚಿಹೋಗುತ್ತದೆ, ಧ್ವನಿ ಒಡೆಯುತ್ತದೆ. ಹಾಗಾಗಿ ದುಡಿಯೊಂದಿಗೆ ಒಮ್ಮೆ, ಬರೀ ಪದ ಇನ್ನೊಮ್ಮೆ. ಮಳೆಗಾಲದಲ್ಲಿ ಹೆಂಚಿನ ಸದ್ದು ಬಿಡುವುದಿಲ್ಲ, ಬೇಸಿಗೆಗೇ ಇಟ್ಟುಕೊಳ್ಳಿ. ರೆಕಾರ್ಡರಿನ ಸೆಟ್ಟಿಂಗ್‌ನಲ್ಲಿ ಎಂಪಿ3 ಬೇಡ, ವೇವ್ (WAV) ಫೈಲ್, 48 ಕಿಲೋಹರ್ಟ್ಸ್, 24 ಬಿಟ್ ಆರಿಸಿ. ಸ್ಟೀರಿಯೊ ಆದರೆ ಗಂಟೆಗೆ ಸುಮಾರು 1 ಜಿಬಿ.

ಕ್ಯಾಸೆಟ್‌ನ ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಪ್ಲೇಯರಿಗೆ ಹಾಕಲೇಬೇಡಿ. ಬೂಷ್ಟು ಪ್ಲೇಯರಿನಲ್ಲಿ ಟೇಪ್ ಓದುವ ಹೆಡ್‌ಗೆ ಅಂಟಿ ಉಳಿದ ಟೇಪುಗಳಿಗೂ ಹರಡುತ್ತದೆ. ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಡಬ್ಬಿಯಲ್ಲಿ ಒಣಗಿಸಿ, ಪರಿಣತರಿಗೆ ಕೊಡಿ. ಅಳಿಸಿಹೋಗದಂತೆ ಕ್ಯಾಸೆಟ್ ಹಿಂಬದಿಯ ಪ್ಲಾಸ್ಟಿಕ್ ಪಟ್ಟಿಗಳನ್ನು ಮುರಿಯಿರಿ.

ಮೂರು ಪ್ರತಿ ಇರಲಿ. ಒಂದಾದರೂ ಬೇರೆ ಊರಿನಲ್ಲಿ. ಎಲ್ಲವನ್ನೂ ಒಂದೇ ಪೆನ್‌ಡ್ರೈವಿನಲ್ಲಿ ತುಂಬಿ ನೆಮ್ಮದಿಯಾಗಿರುವವರೇ ನಮ್ಮಲ್ಲಿ ಹೆಚ್ಚು!