ಹತ್ತು ಸಾವಿರ ರೂಪಾಯಿಯೊಳಗೆ ಬಾಡಿಗೆ ಮನೆಯ ಕೋಣೆಯನ್ನು ಧ್ವನಿಮುದ್ರಣಕ್ಕೆ ಒಗ್ಗಿಸುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ಬಾಡಿಗೆ ಮನೆಯ ಮಹಡಿಯಲ್ಲಿ 10 ಅಡಿ ಅಗಲ, 11 ಅಡಿ ಉದ್ದ, 10 ಅಡಿ ಎತ್ತರದ ಒಂದು ಕೋಣೆಯಿದೆ, ಅಲ್ಲಿ ಕಥೆಗಳನ್ನು ಓದಿ ಮುದ್ರಿಸಬೇಕು, ಆಗಾಗ ಭಾವಗೀತೆಗಳನ್ನೂ ಹಾಡಬೇಕು, ಕೈಯಲ್ಲಿರುವುದು 10,000 ರೂಪಾಯಿ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಸಾಕೇ, ಇಲ್ಲವೇ ಅಂತರಜಾಲದಲ್ಲಿ ಮಾರುವ ಕಪ್ಪು ಫೋಮ್ ಹಾಳೆಗಳನ್ನು ತರಿಸಬೇಕೇ, ಹಾಗೆ ಮಾಡಿದರೆ ಪಕ್ಕದ ಮನೆಯ ಮಿಕ್ಸಿಯ ಸದ್ದೂ ನಿಲ್ಲುತ್ತದೆಯೇ ಎಂದು ಕೇಳಿದ್ದೀರಿ. ನಾನು ಧಾರವಾಡದಲ್ಲಿ ಆರು ವರ್ಷಗಳಿಂದ ಹೆಚ್ಚುಕಡಿಮೆ ಇಷ್ಟೇ ಅಳತೆಯ ಕೋಣೆಯಲ್ಲಿ ಕುಳಿತು ಕಥೆ, ಕಾದಂಬರಿಗಳನ್ನು ಓದಿ ಮುದ್ರಿಸುತ್ತಿದ್ದೇನೆ. ನನ್ನ ಉತ್ತರ: ಟ್ರೇಯೂ ಬೇಡ, ತೆಳು ಫೋಮೂ ಬೇಡ, ಮಿಕ್ಸಿಯ ಸದ್ದನ್ನು ಇವೆರಡೂ ತಡೆಯುವುದಿಲ್ಲ.

ಮಿಕ್ಸಿಯ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ಹೊರಗಿನ ಸದ್ದು ಒಳಗೆ ಬಾರದಂತೆ ತಡೆಯುವುದು ಒಂದು ಕೆಲಸ, ಒಳಗೆ ಹುಟ್ಟಿದ ಸದ್ದು ಗೋಡೆಗೆ ಬಡಿದು ಮರಳದಂತೆ ನೋಡಿಕೊಳ್ಳುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಭಾರ ಬೇಕು, ಗಾಳಿಯೂ ನುಸುಳದಂತೆ ಸಂದುಗಳು ಮುಚ್ಚಿರಬೇಕು. ಇಟ್ಟಿಗೆಯ ಗೋಡೆ ಅದನ್ನು ಮಾಡುತ್ತದೆ, ಹತ್ತಿಯಾಗಲಿ ಫೋಮಾಗಲಿ ಮಾಡುವುದಿಲ್ಲ. ಎರಡನೆಯದಕ್ಕೆ ಇದಕ್ಕೆ ತದ್ವಿರುದ್ಧವಾಗಿ ಗಾಳಿ ಒಳಹೊಕ್ಕು ಹೊರಬರುವಂಥ ನಾರುನಾರಾದ ವಸ್ತು ಬೇಕು. ಬಾಗಿಲಿನ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿ, ಕಿಟಕಿಯ ಕದಗಳು ಸರಿಯಾಗಿ ಕೂಡುತ್ತವೆಯೇ ನೋಡಿ, ವೆಂಟಿಲೇಟರ್ ಇದ್ದರೆ ಮುದ್ರಿಸುವಾಗ ಮಾತ್ರ ಮುಚ್ಚಿ. ಉಳಿದದ್ದಕ್ಕೆ ಬೆಳಗಿನ ಐದು ಗಂಟೆಯೇ ಮದ್ದು. ನನ್ನ ಓದಿನ ಬಹುಪಾಲು ಹಾಲಿನವರು ಬರುವ ಮೊದಲೇ ಮುಗಿದಿರುತ್ತದೆ.

ಇನ್ನು ನಿಮ್ಮ ನಿಜವಾದ ತೊಂದರೆ. ಇಂದಿನ ನಮ್ಮ ಮನೆಗಳಲ್ಲಿ ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಗೋಡೆಗೆ ಸಿಮೆಂಟಿನ ಗಿಲಾವು, ಮೇಲೆ ಕಾಂಕ್ರೀಟ್ ಸ್ಲ್ಯಾಬ್ ಇರುತ್ತವೆ. ಇಂಥ ಮೇಲ್ಮೈಗಳು ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ಸುಮಾರು ನೂರಕ್ಕೆ ಎರಡು ಪಾಲನ್ನಷ್ಟೇ ಹೀರಿ, ಉಳಿದುದನ್ನು ಹಿಂದಕ್ಕೆ ಕಳಿಸುತ್ತವೆ. ನಮ್ಮ ಕಿವಿ ಇದನ್ನು ಬೇಗ ಒಗ್ಗಿಸಿಕೊಳ್ಳುತ್ತದೆ, ಮೈಕ್ ಒಗ್ಗಿಸಿಕೊಳ್ಳುವುದಿಲ್ಲ. ಆದ್ದರಿಂದಲೇ ಕೋಣೆಯಲ್ಲಿ ಚೆನ್ನಾಗಿ ಕೇಳಿದ ದನಿ ಮುದ್ರಣದಲ್ಲಿ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ.

ಈ ಅನುರಣನವನ್ನು ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೇಸ್ ಸಬೈನ್. 1895ರಲ್ಲಿ ಅಲ್ಲಿನ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಸಭಾಂಗಣದಲ್ಲಿ ಮಾತು ಅರ್ಥವಾಗುತ್ತಿಲ್ಲ ಎಂಬ ದೂರನ್ನು ಪರಿಹರಿಸುವ ಹೊಣೆ ಅವರ ಮೇಲೆ ಬಿತ್ತು. ಅವರು ರಾತ್ರಿಯ ಹೊತ್ತು ಸ್ಯಾಂಡರ್ಸ್ ಥಿಯೇಟರಿನ ಆಸನದ ಮೆತ್ತೆಗಳನ್ನು ಹೊತ್ತು ತಂದು, ಆರ್ಗನ್ ಕೊಳವೆಯೊಂದನ್ನು ಊದಿಸಿ ನಿಲ್ಲಿಸಿ, ಎಷ್ಟು ಮೆತ್ತೆ ಹಾಸಿದಾಗ ಸದ್ದು ಎಷ್ಟು ಹೊತ್ತಿಗೆ ಅಡಗುತ್ತದೆ ಎಂದು ಅಳೆದರು. ಅಂದರೆ ಈ ಶಾಸ್ತ್ರ ಹುಟ್ಟಿದ್ದೇ ಮೆತ್ತೆಗಳಿಂದ; ನಿಮ್ಮ ಮನೆಯ ಹಳೆಯ ಗಾದಿಯನ್ನು ಕೀಳಾಗಿ ಕಾಣಬೇಡಿ ಎಂದು ಹೇಳಲು ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ಅವರ ಸೂತ್ರ ಸರಳ: ಕೋಣೆಯ ಘನಮೀಟರುಗಳನ್ನು 0.161ರಿಂದ ಗುಣಿಸಿ, ಕೋಣೆಯಲ್ಲಿರುವ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನದ ಕಾಲ ಸೆಕೆಂಡುಗಳಲ್ಲಿ ಬರುತ್ತದೆ. ಹೀರಿಕೆಯ ಅಳತೆ ತೆರೆದ ಕಿಟಕಿ. ಒಂದು ಚದರ ಮೀಟರ್ ತೆರೆದ ಕಿಟಕಿಯ ಮೂಲಕ ಹೋದ ಸದ್ದು ಮರಳುವುದಿಲ್ಲವಾದ್ದರಿಂದ ಅದು ಒಂದು ಪೂರ್ಣ ಅಂಶ, ಅಂದರೆ ಒಂದು ಚದರ ಮೀಟರ್ ಹೀರಿಕೆ.

ನಿಮ್ಮ ಕೋಣೆ ಸುಮಾರು 31 ಘನಮೀಟರ್. ಬರಿಯ ಗೋಡೆ, ನೆಲ, ಸ್ಲ್ಯಾಬ್, ಒಂದು ಬಾಗಿಲು, ಮೇಜು ಮತ್ತು ನೀವು ಎಲ್ಲ ಸೇರಿ ಎರಡು ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು ಹೀರಿಕೆ ಎಂದಿಟ್ಟುಕೊಂಡರೂ ಸದ್ದು ಅಡಗಲು ಎರಡು ಸೆಕೆಂಡಿಗೂ ಮೇಲೆ ಬೇಕು. ಓದಿಗೂ ಹಾಡಿಗೂ ಒಟ್ಟಿಗೆ ಹೊಂದುವಂತೆ ಅದನ್ನು 0.4 ಸೆಕೆಂಡಿಗೆ ತರಬೇಕಾದರೆ ಸುಮಾರು 12.5 ಚದರ ಮೀಟರ್ ಹೀರಿಕೆ ಬೇಕು; ಹೊಸದಾಗಿ ಒದಗಿಸಬೇಕಾದದ್ದು ಸುಮಾರು ಹತ್ತು ಅಂಶ. ಸಣ್ಣ ಕೋಣೆಯಲ್ಲಿ ಈ ಸೂತ್ರ ಅಂದಾಜನ್ನಷ್ಟೇ ಕೊಡುತ್ತದೆ. ಆದರೂ ನಾಲ್ಕು ಫೋಮ್ ಹಾಳೆಗಳಿಂದ ಏನೂ ಆಗದು ಎಂಬುದನ್ನು ತಿಳಿಯಲು ಅಷ್ಟು ಸಾಕು.

ಫೋಮಿನ ಬಗ್ಗೆ ನನ್ನ ಅನುಭವವನ್ನು ಹೇಳಲೇಬೇಕು, ಏಕೆಂದರೆ ನಾನು ಹಣ ಕಳೆದುಕೊಂಡದ್ದು ಅಲ್ಲಿಯೇ. ಮೊದಲ ವರ್ಷ ಒಂದು ಅಂಗುಲ ದಪ್ಪದ, ಏಣುಏಣಾದ ಹಾಳೆಗಳನ್ನು ತರಿಸಿ ಎರಡು ಗೋಡೆಗಳಿಗೆ ಅಂಟಿಸಿದೆ. ದನಿಯ ಮೇಲಿನ ಹೊಳಪೆಲ್ಲ ಹೋಯಿತು, ಕೆಳಗಿನ ಗುಂಯ್‌ಗುಟ್ಟುವಿಕೆ ಹಾಗೆಯೇ ಉಳಿಯಿತು. ಕಂಬಳಿ ಹೊದ್ದು ಡಬ್ಬಿಯೊಳಗೆ ಕುಳಿತು ಮಾತನಾಡಿದಂತಾಯಿತು. ಮನೆ ಬಿಡುವಾಗ ಹಾಳೆಗಳ ಜೊತೆಗೆ ಗೋಡೆಯ ಬಣ್ಣವೂ ಎದ್ದು ಬಂದು, ಮುಂಗಡದಲ್ಲಿ ಒಂದಷ್ಟು ಕಡಿತವಾಯಿತು.

ಕಾರಣ ತರಂಗದೂರದಲ್ಲಿದೆ, ಅಂದರೆ ಸದ್ದಿನ ಒಂದು ಅಲೆಯ ಉದ್ದದಲ್ಲಿ. ನಾರಿನ ಸಂದುಗಳಲ್ಲಿ ಗಾಳಿ ಅತ್ತಿತ್ತ ಓಡಾಡುವಾಗ ಉಜ್ಜಿ, ಸದ್ದಿನ ಶಕ್ತಿ ಶಾಖವಾಗುತ್ತದೆ. ಹೀರಿಕೆ ಎಂದರೆ ಇಷ್ಟೇ. ಆದರೆ ಗೋಡೆಗೆ ತಾಗಿದ ಜಾಗದಲ್ಲಿ ಗಾಳಿ ಅಲುಗುವುದೇ ಇಲ್ಲ. ಗೋಡೆಯಿಂದ ತರಂಗದೂರದ ಕಾಲು ಭಾಗದಷ್ಟು ದೂರದಲ್ಲಿ ಅದರ ಓಡಾಟ ಅತಿ ಹೆಚ್ಚು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ, ಸೆಕೆಂಡಿಗೆ ಸಾವಿರ ಸಾರಿ ಕಂಪಿಸುವ, ಅಂದರೆ 1000 ಹರ್ಟ್ಸ್‌ನ ಸದ್ದಿಗೆ ಆ ಕಾಲು ಭಾಗ 8.6 ಸೆಂಟಿಮೀಟರ್, 250 ಹರ್ಟ್ಸ್‌ಗೆ 34 ಸೆಂಟಿಮೀಟರ್, 100 ಹರ್ಟ್ಸ್‌ಗೆ 86 ಸೆಂಟಿಮೀಟರ್. ಗಂಡು ದನಿಯ ಮೂಲಸ್ವರ ಮಾತಿನಲ್ಲಿ ಸುಮಾರು 85ರಿಂದ 155, ಹೆಣ್ಣು ದನಿಯದು 165ರಿಂದ 255 ಹರ್ಟ್ಸ್. ಎರಡೂವರೆ ಸೆಂಟಿಮೀಟರಿನ ಫೋಮು ಗೋಡೆಗೆ ಅಂಟಿಕೊಂಡು ಕುಳಿತರೆ ಈ ಮಂದ್ರದ ಭಾಗ ಅದನ್ನು ಲೆಕ್ಕಿಸದೆ ದಾಟಿಹೋಗಿ ಗೋಡೆಗೆ ಬಡಿದು ಮರಳುತ್ತದೆ. ಮೊಟ್ಟೆಯ ಟ್ರೇ ಇದಕ್ಕಿಂತಲೂ ತೆಳು. ಅದು ಗಟ್ಟಿಯಾಗಿ ಒತ್ತಿದ ಕಾಗದದ ತಿರುಳು, ಬೆಂಕಿಗೆ ಒಳ್ಳೆಯ ಉರುವಲು. ಥರ್ಮೋಕೋಲ್ ಕೂಡ ಉಪಯೋಗವಿಲ್ಲ, ಅದರ ಗುಳ್ಳೆಗಳೆಲ್ಲ ಮುಚ್ಚಿಕೊಂಡಿರುತ್ತವೆ.

ಬೆಂಕಿಯ ಮಾತು ಬಂದದ್ದರಿಂದ ಇಲ್ಲಿಯೇ ಹೇಳುತ್ತೇನೆ. 2003ರಲ್ಲಿ ಅಮೆರಿಕದ ರೋಡ್ ಐಲ್ಯಾಂಡ್ ರಾಜ್ಯದಲ್ಲಿ ದಿ ಸ್ಟೇಷನ್ ಎಂಬ ಸಂಗೀತ ಕ್ಲಬ್ಬಿನ ವೇದಿಕೆಯ ಸುತ್ತ ಅಂಟಿಸಿದ್ದ ಫೋಮಿಗೆ ಪಟಾಕಿಯ ಕಿಡಿ ತಾಗಿ, ಕೆಲವೇ ನಿಮಿಷಗಳಲ್ಲಿ ಹಬ್ಬಿದ ಬೆಂಕಿ ಮತ್ತು ಹೊಗೆಗೆ ನೂರು ಜನ ಬಲಿಯಾದರು. ನಿಮ್ಮ ಕೋಣೆಯಲ್ಲಿ ಪಟಾಕಿ ಇರುವುದಿಲ್ಲ ನಿಜ, ಆದರೆ ಹಳೆಯ ಸ್ವಿಚ್ ಬೋರ್ಡು ಇರುತ್ತದೆ. ಹತ್ತಿಯೂ ಉರಿಯುವ ವಸ್ತುವೇ ಆದ್ದರಿಂದ, ಯಾವುದನ್ನೇ ತೂಗುಹಾಕಿದರೂ ಬೋರ್ಡು, ಪ್ಲಗ್ಗು, ದೇವರ ದೀಪ ಇವುಗಳಿಂದ ದೂರವಿರಲಿ.

ಹಾಗಾದರೆ ಏನನ್ನು ತರಬೇಕು? ನನ್ನ ಅನುಭವದಲ್ಲಿ ಹಣ ಕೊಟ್ಟು ಕೊಳ್ಳಲು ಯೋಗ್ಯವಾದದ್ದು ಒಂದೇ: ಗ್ಲಾಸ್ ವೂಲ್ ಅಥವಾ ರಾಕ್ ವೂಲ್ ಹಲಗೆ (ಗಾಜಿನ ಅಥವಾ ಕಲ್ಲಿನ ಎಳೆಗಳನ್ನು ಒತ್ತಿ ಮಾಡಿದ್ದು), ದಪ್ಪ 50 ಮಿಲಿಮೀಟರ್, ಸಾಂದ್ರತೆ ಘನಮೀಟರಿಗೆ 48 ಕಿಲೋಗ್ರಾಂ ಆಸುಪಾಸು. ಧ್ವನಿಮುದ್ರಣದ ಸಾಮಾನು ಮಾರುವವರ ಬಳಿ ಹೋಗದೆ, ಫಾಲ್ಸ್ ಸೀಲಿಂಗ್ ಸಾಮಗ್ರಿಯ ಅಂಗಡಿಯಲ್ಲಿ ಅಥವಾ ಎ.ಸಿ. ಡಕ್ಟ್ ಕೆಲಸ ಮಾಡುವವರಲ್ಲಿ ವಿಚಾರಿಸಿ; ಅದೇ ವಸ್ತು ಬಹಳ ಕಡಿಮೆಗೆ ಸಿಗುತ್ತದೆ. 4 ಅಡಿಗೆ 2 ಅಡಿಯ ಒಂದು ತುಂಡು, ಸುತ್ತ ಅಗ್ಗದ ಮರದ ರೀಪುಗಳ ಚೌಕಟ್ಟು, ಮೇಲೆ ಬಟ್ಟೆ ಎಲ್ಲ ಸೇರಿ ನನಗೆ ಒಂದಕ್ಕೆ 700 ರೂಪಾಯಿಯೊಳಗೆ ಬಿದ್ದಿತು. ಮಾತಿನ ಸ್ಪಷ್ಟತೆಗೆ ಮುಖ್ಯವಾದ 500 ಹರ್ಟ್ಸ್‌ನಿಂದ ಮೇಲಕ್ಕೆ ಇಂಥ ಹಲಗೆ ತನ್ನ ಮೇಲೆ ಬಿದ್ದ ಸದ್ದನ್ನು ಬಹುತೇಕ ಪೂರ್ತಿಯಾಗಿ ನುಂಗುತ್ತದೆ. ಅದನ್ನು ಗೋಡೆಗೆ ತಾಗಿಸದೆ ಎರಡರಿಂದ ನಾಲ್ಕು ಅಂಗುಲ ಬಿಟ್ಟು ನಿಲ್ಲಿಸಿದರೆ ಮಂದ್ರದ ಕಡೆಗೂ ಅದರ ಕೈ ಚಾಚುತ್ತದೆ. ಈ ಖಾಲಿ ಜಾಗಕ್ಕೆ ಒಂದು ಪೈಸೆಯೂ ಖರ್ಚಿಲ್ಲ, ಮಳೆಗಾಲದಲ್ಲಿ ಗೋಡೆಯ ತೇವವೂ ಹಲಗೆಗೆ ಏರುವುದಿಲ್ಲ. ಗ್ಲಾಸ್ ವೂಲ್ ಕತ್ತರಿಸುವಾಗ ತುಂಬುತೋಳಿನ ಅಂಗಿ, ಕೈಗವಸು, ಮಾಸ್ಕ್ ಬೇಕೇ ಬೇಕು. ಎಳೆಗಳು ಚರ್ಮಕ್ಕೆ ಚುಚ್ಚಿಕೊಂಡು ಎರಡು ದಿನ ತುರಿಸುತ್ತವೆ. ಚೌಕಟ್ಟಿನ ಹಿಂದೆಯೂ ಮುಂದೆಯೂ ಬಟ್ಟೆ ಹೊದಿಸಿ ಸ್ಟೇಪಲ್ ಹೊಡೆದುಬಿಟ್ಟರೆ ಮತ್ತೆ ತೊಂದರೆಯಿಲ್ಲ.

ಹೊದಿಕೆಯ ಬಟ್ಟೆಯನ್ನು ಆರಿಸಲು ಒಂದೇ ಪರೀಕ್ಷೆ ಸಾಕು. ಬಟ್ಟೆಯನ್ನು ಬಾಯಿಗಿಟ್ಟು ಊದಿ. ಉಸಿರು ಸಲೀಸಾಗಿ ಆಚೆಗೆ ಹೋದರೆ ಸದ್ದೂ ಹೋಗುತ್ತದೆ. ಬಿಳಿ ಮಾದರಪಾಟ, ತೆಳು ಖಾದಿ, ಬಿಡಿಯಾಗಿ ನೇಯ್ದ ಗೋಣಿತಟ್ಟು ಎಲ್ಲವೂ ಆಗುತ್ತವೆ. ರೆಕ್ಸಿನ್ ಆಗದು. ಇದೇ ಪರೀಕ್ಷೆಯನ್ನು ಗಾದಿ, ಕೌದಿಗಳಿಗೂ ಮಾಡಬಹುದು (ಗ್ಲಾಸ್ ವೂಲಿಗೆ ಮಾತ್ರ ಬಾಯಿಡಬೇಡಿ).

ಗಾದಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಹತ್ತು ಅಂಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಯೊಳಗಿನಿಂದಲೇ ಬರಬಲ್ಲದು. ವರ್ಷಗಟ್ಟಲೆ ಮಲಗಿದ ಹತ್ತಿಯ ಗಾದಿ ಗಂಟುಗಂಟಾಗಿ ಹಲಗೆಯಂತೆ ಬಿಗಿದಿರುತ್ತದೆ. ಅದರೊಳಗೆ ಗಾಳಿ ಹೋಗದು. ಹತ್ತಿ ಪಿಂಜುವವರ ಬಳಿ ಕೊಟ್ಟು ಬಿಡಿಸಿ ಮತ್ತೆ ತುಂಬಿಸಿದರೆ ಅದು ನಾಲ್ಕೈದು ಅಂಗುಲ ದಪ್ಪದ ಅತ್ಯುತ್ತಮ ಹೀರಕವಾಗುತ್ತದೆ. ಹಾಗೆ ಬಿಡಿಸಿದ ಗಾದಿಯನ್ನು ನಾನು ಕೋಣೆಯ ಮೂಲೆಯಲ್ಲಿ ಅಡ್ಡಲಾಗಿ, ಹಿಂದೆ ಮುಕ್ಕೋನದ ಜಾಗ ಖಾಲಿ ಉಳಿಯುವಂತೆ ನಿಲ್ಲಿಸಿದ್ದೇನೆ. ನಿಮ್ಮಂಥ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ 50 ಹರ್ಟ್ಸ್ ಆಸುಪಾಸಿನಿಂದಲೇ ಮಂದ್ರದ ಅಲೆಗಳು ನಿಂತುಬಿಡುತ್ತವೆ, ಅವುಗಳ ಒತ್ತಡ ಮೂಲೆಗಳಲ್ಲಿ ಅತಿ ಹೆಚ್ಚು. ಅತಿ ಕೆಳಗಿನವು ಗಾದಿಗೆ ಬಗ್ಗುವುದಿಲ್ಲ; ಓದಿನ ಗುಂಯ್‌ಗುಟ್ಟುವಿಕೆಗೆ ಕಾರಣವಾದ ಅದರ ಮೇಲಿನ ಭಾಗ ಬಗ್ಗುತ್ತದೆ. ನಮ್ಮ ಕಡೆಯ ಕೌದಿಗಳನ್ನು ಎರಡು ಮೂರು ಪದರ ಮಾಡಿ ಹಗ್ಗದ ಮೇಲೆ, ಗೋಡೆಯಿಂದ ಒಂದು ಗೇಣು ದೂರದಲ್ಲಿ ಇಳಿಬಿಟ್ಟರೆ ದಪ್ಪ ಪರದೆಗಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಕುರಿಯ ಉಣ್ಣೆಯ ಕಂಬಳಿ ಸಿಕ್ಕರೆ ಇನ್ನೂ ಒಳ್ಳೆಯದು, ಅದು ಹತ್ತಿಯಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಕಿಟಕಿಗೆ ಪರದೆ ಹೊಲಿಸುವುದಾದರೆ ಕಿಟಕಿಯ ಅಗಲದ ಎರಡರಷ್ಟು ಬಟ್ಟೆ ಹಾಕಿ ನೆರಿಗೆ ಬರುವಂತೆ ಹೊಲಿಸಿ. ನೆಲಕ್ಕೆ ಜಮಖಾನ ಹಾಸಿ. ಅದರ ಹೀರಿಕೆ ಕಡಿಮೆಯೇ, ಆದರೆ ನೆಲ ಮತ್ತು ಸ್ಲ್ಯಾಬಿನ ನಡುವೆ ಚಪ್ಪಾಳೆಯ ಸದ್ದು ಟರ್ರ್ ಎಂದು ಪುಟಿಯುವುದು ನಿಲ್ಲುತ್ತದೆ.

ಲೆಕ್ಕ ಹೀಗಾಗುತ್ತದೆ: ಆರು ಹಲಗೆಗಳಿಂದ ನಾಲ್ಕು ಅಂಶಕ್ಕೂ ಹೆಚ್ಚು, ಗಾದಿಯಿಂದ ಎರಡು, ನೆರಿಗೆಯ ಪರದೆ ಮತ್ತು ಕೌದಿಗಳಿಂದ ಎರಡು ಎರಡೂವರೆ, ಜಮಖಾನದಿಂದ ಒಂದು. ಹತ್ತರ ಹತ್ತಿರಕ್ಕೆ ಬಂದೆವು. ಖರ್ಚು 8,000 ದಾಟಲಿಕ್ಕಿಲ್ಲ.

ಆದರೆ ಇವುಗಳನ್ನು ಎಲ್ಲಿ ಇಡುತ್ತೀರಿ ಎಂಬುದರ ಮೇಲೆ ಅರ್ಧ ಫಲ ನಿಂತಿದೆ, ಇಲ್ಲಿಯೇ ಹೆಚ್ಚಿನವರು ತಪ್ಪುತ್ತಾರೆ. ಮೈಕಿನ ಹಿಂದಿನ ಗೋಡೆಯನ್ನು ಅಲಂಕರಿಸಿ, ತಮ್ಮ ಬೆನ್ನ ಹಿಂದಿನ ಗೋಡೆಯನ್ನು ಬರಿದಾಗಿ ಬಿಡುತ್ತಾರೆ. ಮನೆಯಲ್ಲಿ ಬಳಸುವ ಕಾರ್ಡಿಯಾಯ್ಡ್ ಮೈಕ್ ತನ್ನ ಮುಂದಿನದನ್ನು ಚೆನ್ನಾಗಿಯೂ ಹಿಂದಿನದನ್ನು ಅತಿ ಕಡಿಮೆಯಾಗಿಯೂ ಕೇಳಿಸಿಕೊಳ್ಳುತ್ತದೆ. ಅದರ ಮುಂದೆ ಇರುವುದು ನೀವು, ನಿಮ್ಮ ಹಿಂದೆ ಇರುವುದು ಗೋಡೆ. ಆದ್ದರಿಂದ ಗಾದಿಯ ಮೂಲೆಗೆ ಬೆನ್ನು ಮಾಡಿ ಕುಳಿತು, ಎರಡು ಹಲಗೆಗಳನ್ನು ನಿಮ್ಮ ಹಿಂದೆ, ಎಡಬಲಗಳಲ್ಲಿ ಒಂದೊಂದನ್ನು ಕಿವಿಯ ಮಟ್ಟಕ್ಕೆ ನಿಲ್ಲಿಸಿ. ಒಂದನ್ನು ತಲೆಯ ಮೇಲೆ ತೂಗುಹಾಕಲು ಸಾಧ್ಯವಾದರೆ ಬಿಡಬೇಡಿ. ಸ್ಲ್ಯಾಬಿನಲ್ಲಿ ತೊಟ್ಟಿಲು ಕಟ್ಟುವ ಕೊಂಡಿಯಿದ್ದರೆ ಬೈರಿಗೆ ಹಿಡಿಯುವ ಅಗತ್ಯವೂ ಇಲ್ಲ. ಆರನೆಯದನ್ನು ಬಾಗಿಲಿನ ಮುಂದೆ ನಿಲ್ಲಿಸಿ. ಹಲಗೆಗಳಿಗೆ ಕಾಲು ಹೊಡೆಸಿಬಿಟ್ಟರೆ ಗೋಡೆಗೆ ಮೊಳೆ ಬೇಡ, ಮನೆ ಬದಲಾಯಿಸಿದಾಗ ಹೊತ್ತುಕೊಂಡೂ ಹೋಗಬಹುದು. ಮೈಕನ್ನು ಬಾಯಿಗೆ ಒಂದು ಗೇಣಿನಷ್ಟು ಹತ್ತಿರ ತನ್ನಿ: ದೂರವನ್ನು ಅರ್ಧಕ್ಕೆ ಇಳಿಸಿದರೆ ನೇರ ದನಿ 6 ಡೆಸಿಬೆಲ್ ಏರುತ್ತದೆ, ಕೋಣೆಯ ಸದ್ದು ಇದ್ದಲ್ಲೇ ಇರುತ್ತದೆ. ಹಾಡುವಾಗ ಎರಡು ಗೇಣು ಹಿಂದೆ ಸರಿದು, ಪಕ್ಕದ ಹಲಗೆಯೊಂದನ್ನು ತೆಗೆದಿಡಿ. ಪೂರ್ತಿ ಸತ್ತ ಕೋಣೆಯಲ್ಲಿ ಹಾಡುವವರಿಗೆ ತಮ್ಮದೇ ದನಿ ಮರಳಿ ಸಿಗದೆ, ಶ್ರುತಿ ಹಿಡಿಯಲು ಕಷ್ಟವಾಗುತ್ತದೆ.

ಆರನ್ನೂ ಒಮ್ಮೆಗೇ ಮಾಡಿಸಬೇಡಿ. ಈಗ ಇರುವ ಕೋಣೆಯಲ್ಲಿ ಮೂರು ಚಪ್ಪಾಳೆ ಮತ್ತು ಒಂದು ಪುಟದ ಓದನ್ನು ಮುದ್ರಿಸಿಡಿ. ಗಾದಿ, ಕೌದಿ, ಜಮಖಾನ ಜೋಡಿಸಿ ಮತ್ತೆ ಮುದ್ರಿಸಿ. ಆಮೇಲೆ ಎರಡು ಹಲಗೆ, ಮತ್ತೆ ಮುದ್ರಣ. ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ ಚಪ್ಪಾಳೆಗಳ ಬಾಲ ಎಷ್ಟು ಮೊಟಕಾಗುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ನಾಲ್ಕಕ್ಕೇ ನಿಮಗೆ ತೃಪ್ತಿಯಾದರೂ ಆಗಬಹುದು. ಕಿಟಕಿ ಯಾವ ಗೋಡೆಯಲ್ಲಿದೆ, ಬಾಗಿಲು ಯಾವ ಮೂಲೆಗಿದೆ, ಮೈಕ್ ಯಾವುದು ಎಂದು ಕೆಳಗೆ ಬರೆದರೆ ಎಲ್ಲಿ ಕುಳಿತುಕೊಳ್ಳಬೇಕು ಎಂಬುದನ್ನು ಇನ್ನಷ್ಟು ಖಚಿತವಾಗಿ ಹೇಳಬಲ್ಲೆ.